ಉಡುದಾರದ ಗಂಟು, ಆಕ್ಸಿಜನ್ ಪೆಟ್ಟಿಗೆ

ಹೆದರುವುದು ನಮ್ಮ ವಂಶದಲ್ಲೇ ಇಲ್ಲ! ನಮ್ಮಪ್ಪ ಮುನಿನಾರಾಯಣಪ್ಪ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಪಾತಾಳಕ್ಕಿಳಿದು, ಯಮನ ಹಿತ್ತಿಲನ್ನೇ ನೋಡಿ ಬರುತ್ತಿದ್ದ ಧೀರ. ಅಂಥವನ ಮಗ ನಾನು ಒಂದು ಪೆಟ್ಟಿಗೆಗೆ ಹೆದರುವುದುಂಟೆ?

ಸಕ್ಕರೆ ಕಾಯಿಲೆಯಿಂದ ನನ್ನ ಕಾಲಿನ ಹೆಬ್ಬೆರಳ ಗಾಯ ಮಾಯುತ್ತಲೇ ಇರಲಿಲ್ಲ. ಬೆಂಗಳೂರಿನ ಡಾಕ್ಟರು, "ಒತ್ತಡದ ಆಕ್ಸಿಜನ್ ಪೆಟ್ಟಿಗೆಯಲ್ಲಿ ಮಲಗಿಸಿ ನೋಡೋಣ. ಬೆರಳು ಉಳಿದರೂ ಉಳಿದೀತು, ಇಲ್ಲದಿದ್ದರೆ ತೆಗೀಬೇಕಾಗುತ್ತೆ" ಎಂದಿದ್ದರು.

"ಭಯ ಆಗಾಕಿಲ್ವಾ?" ಎಂದಳು ಹೆಂಡತಿ ಕಲಾ.

"ನೀವು ಬಂಗಾರಪೇಟೆ ಕಡೆ ಹಾಲು ಕರೆಯೋ ಜನ, ನಿಮಗೇನು ಗೊತ್ತು? ನಮ್ದು ಗಣಿ ವಂಶ ಕಣೇ!"

ಹೊರಡುವಾಗ ಅಮ್ಮ ಕನಕಮ್ಮ ನನ್ನ ಉಡುದಾರಕ್ಕೆ ಬಟ್ಟೆಯ ಪುಟ್ಟ ಗಂಟು ಕಟ್ಟಿದಳು. "ನಿಮ್ಮಪ್ಪ ಗಣಿಗೆ ಇಳಿಯೋವಾಗ್ಲೂ ಇದೇ ಕಟ್ತಿದ್ದೆ ಕಣ್ಲಾ." ರೈಲಿನ ಆತುರದಲ್ಲಿ ಹೂಂಗುಟ್ಟಿದೆ. ನಮ್ಮೂರು ಮಾರಿಕುಪ್ಪಂನಲ್ಲಿ ಕಲಾಳ ಜೊತೆ ಹತ್ತಿದವನು ಬಂಗಾರಪೇಟೆ ಬರುವುದರೊಳಗೆ ಗೊರಕೆ ಹೊಡೆಯುತ್ತಿದ್ದೆ.

ಆಸ್ಪತ್ರೆಯಲ್ಲಿ ನರ್ಸ್ ಸುಮಿತಾ ಹತ್ತಿ ಬಟ್ಟೆ ಕೊಟ್ಟು, "ಮೊಬೈಲ್, ಎಣ್ಣೆ, ಬೆಂಕಿಪೊಟ್ಣ ಏನೂ ಒಳಗೆ ತರಬಾರದು. ಅಲ್ಲಿ ಒಂದು ಕಿಡಿ ಸಾಕು! ಮೈಮೇಲೆ ಏನಾದ್ರೂ ಇದೆಯಾ?" ಎಂದರು.

"ಗಣಿ ಜನಕ್ಕೆ ರೂಲ್ಸಾ ಸಿಸ್ಟರ್? ಏನೂ ಇಲ್ಲ, ಬಾಗಿಲು ಹಾಕಿ!"

ಹಾಕಿದರು. ಗಾಜಿನ ಜಾಡಿಯೊಳಗೆ ನಾನು ಉಪ್ಪಿನಕಾಯಿ! ಗಾಳಿ ಬುಸುಗುಟ್ಟಿತು. ಕಿವಿ ಗವ್ವೆಂದಿತು. ಎದೆ ಡವಡವ. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಗಂಟು!

ಅಪ್ಪನ ಗಂಟಿನಲ್ಲಿ ಏನಿರುತ್ತಿತ್ತೆಂದು ಆಗ ನೆನಪಾಯಿತು. ಗಣಿಯ ಕತ್ತಲಲ್ಲೂ ದೇವರಿಗೆ ಹಚ್ಚಲೆಂದು ಅಮ್ಮ ಕಟ್ಟುತ್ತಿದ್ದದ್ದು ಕರ್ಪೂರ, ಬೆಂಕಿಕಡ್ಡಿ!

ಅಲುಗಾಡಿದರೆ ಕಡ್ಡಿ ಗೀರೀತು! ಬೆರಳು ಉಳಿಸಿಕೊಳ್ಳಲು ಬಂದವನು ಬೂದಿಯಾಗಿ ಮಾರಿಕುಪ್ಪಂ ರೈಲು ಹತ್ತಬೇಕಾ? ನಿಜ ಹೇಳುತ್ತೇನೆ, ಹಾಗೆ ಹೆದರಿದ್ದು ಜನ್ಮದಲ್ಲೇ ಇಲ್ಲ.

"ಅಯ್ಯಯ್ಯೋ, ತೆಗೀರಿ! ಸೊಂಟದ ಗಂಟಿನಾಗೆ ಬೆಂಕಿಕಡ್ಡಿ ಐತೆ!"

ಸಿಸ್ಟರ್ ಮುಖ ಬಿಳಿಚಿತು. "ಗಂಟು ಮುಟ್ಟಬೇಡಿ! ಒತ್ತಡ ನಿಧಾನಕ್ಕೇ ಇಳಿಸಬೇಕು!" ಎಂದಿತು ಸ್ಪೀಕರ್. ಆ ನಿಧಾನದಲ್ಲಿ ಮುಕ್ಕೋಟಿ ದೇವರನ್ನೂ ಕರೆದು ಮುಗಿಸಿದೆ.

ಹೊರಗೆಳೆದು, ಸಿಸ್ಟರ್ ಗಂಟು ಕತ್ತರಿಸಿದರು. ಒಳಗೆ ಒಂದು ಹುಣಸೆಬೀಜ!

"ಕರ್ಪೂರ, ಕಡ್ಡಿ ನೀವು ರೈಲ್ನಾಗೆ ಗೊರಕೆ ಒಡೆಯೋವಾಗ್ಲೇ ತೆಗೆದ್ಬಿಟ್ಟೆ" ಎಂದಳು ಗಲಾಟೆ ಕೇಳಿ ಹೊರಗಿನಿಂದ ಓಡಿಬಂದ ಕಲಾ. "ಓದ್ಸಲ ಬಂದಾಗ ಸಿಸ್ಟರು ಇದನ್ನೆಲ್ಲಾ ಏಳೋವಾಗ ನೀವು ಅವರ್ಗೇ ಗಣಿ ಕತೆ ಏಳ್ತಿದ್ರಿ. ಗಂಟು ಇಲ್ದಿದ್ರೆ ಅತ್ತೆ ನೊಂದ್ಕೋತಾರೆ ಅಂತ ಬೀಜ ಇಟ್ಟು ಕಟ್ದೆ."

"ನಂಗೊಂದು ಮಾತು ಏಳ್ಬಾರ್ದಾ?"

"ನೀವ್ಯಾವತ್ತು ನನ್ ಮಾತು ಕೇಳಿದೀರಿ?"

"ಬನ್ನಿ, ಮತ್ತೆ ಮೊದಲಿಂದ ಮಲಗಿ" ಎಂದರು ಸಿಸ್ಟರ್. ಪೆಟ್ಟಿಗೆ ನೋಡಿದೆ. ನನ್ನ ಬೆರಳು ನೋಡಿಕೊಂಡೆ. ಮೆಲ್ಲಗೆ ಕಲಾಳ ಸೆರಗು ಹಿಡಿದೆ.

"ಲೇ, ಗಾಜಿನ ಪಕ್ಕದಾಗೇ ಕೂತ್ಕೋತೀಯಾ? ನೀನು ಕಾಣಿಸ್ತಿರ್ಬೇಕು."

ಅವಳು ಸ್ಟೂಲ್ ಎಳೆದುಕೊಂಡಳು. "ನಾವು ಹಾಲು ಕರೆಯೋ ಜನ ಕಣ್ರಿ. ಕಾಲು ಜಾಡ್ಸೋ ಎಮ್ಮೆನೇ ಸುಮ್ಕೆ ನಿಲ್ಸಿದೀನಿ, ನೀವ್ಯಾವ ಲೆಕ್ಕ? ಮಲಗ್ರಿ!"