‘ತೆಂಗಿನ ಗರಿ’ಯ ಎರಡನೇ ಮುದ್ರಣ

ಕನ್ನಡ ಅಕ್ಷರ ಪರದೆಯ ಮೇಲೆ ನೆಟ್ಟಗೆ ಮೂಡುತ್ತದೋ ಇಲ್ಲವೋ ಎಂದು ನೋಡಲು ಹೋದದ್ದೇ ಇಷ್ಟಕ್ಕೆಲ್ಲ ಮೂಲ.

ರಂಗರಾಜು ತಿಪಟೂರಿನಲ್ಲಿ ಮನೆಮನೆಗೂ ಅಂಗಡಿಗೂ ಇಂಟರ್ನೆಟ್ ಹಾಕಿಕೊಡುವ ಕೆಲಸದವನು. ಹದಿನೈದು ದಿನದ ಹಿಂದೆ ಸದಾಶಿವಯ್ಯನವರ ಪ್ರೆಸ್ಸಿಗೆ ಸಂಪರ್ಕ ಕೊಟ್ಟ. ಸದಾಶಿವಯ್ಯನವರು ‘ತೆಂಗಿನ ಗರಿ’ ಎಂಬ ನಾಲ್ಕು ಪುಟದ ವಾರಪತ್ರಿಕೆಗೆ ಸಂಪಾದಕರು, ಮಾಲೀಕರು, ಪ್ರೂಫ್ ತಿದ್ದುವವರು, ಕೊನೆಗೆ ಕಸ ಗುಡಿಸುವವರು ಕೂಡ. “ಇದ್ರಲ್ಲಿ ಕನ್ನಡ ಬತ್ತದೇನ್ರೀ?” ಎಂದು ಕೇಳಿದರು. ಅದು ಎರಡು ಸಾವಿರದ ಏಳನೆಯ ಇಸವಿ. ಇಂಟರ್ನೆಟ್ಟಿನಲ್ಲಿ ಕನ್ನಡದ ಪುಟಗಳು ಇನ್ನೂ ವಿರಳ. ರಂಗರಾಜುವಿನ ಬೆರಳು ಅಭ್ಯಾಸಬಲದಿಂದ ತನ್ನದೇ ಹೆಸರಿದ್ದ ಬ್ಲಾಗಿನ ವಿಳಾಸ ಹೊಡೆಯಿತು. ಅಕ್ಷರ ಮುತ್ತು ಪೋಣಿಸಿದ ಹಾಗೆ ಮೂಡಿತು. ಆ ಖುಷಿಯಲ್ಲಿ ಪುಟ ಮುಚ್ಚುವುದನ್ನು ಮರೆತು, ಅವರು ತರಿಸಿದ ಟೀ ಕುಡಿದು ಎದ್ದುಬಂದ.

ರಂಗರಾಜುವಿನ ಊರು ಕೊಳ್ಳೇಗಾಲದ ಕಡೆ. ಕಂಪನಿ ಇಲ್ಲಿಗೆ ಹಾಕಿ ಮೂರು ವರ್ಷವಾಗಿತ್ತು. ಊರಿನ ನೆನಪಾದಾಗಲೆಲ್ಲ ‘ಊರು ಬಿಟ್ಟವನ ಊಟ’ ಎಂಬ ಆ ಬ್ಲಾಗಿನಲ್ಲಿ ಏನಾದರೂ ಗೀಚುತ್ತಿದ್ದ. ಓದುವವರು ಮೂವತ್ತೋ ನಲವತ್ತೋ ಜನ, ಎಲ್ಲರೂ ದೂರದೂರುಗಳಲ್ಲಿ ರೂಮು ಮಾಡಿಕೊಂಡಿದ್ದವರೇ. ಅವರೆಲ್ಲ ಅತಿ ಹೆಚ್ಚು ನಕ್ಕದ್ದು ‘ನಮ್ಮ ಓನರಮ್ಮ’ ಎಂಬ ಬರಹಕ್ಕೆ.

ಓನರಮ್ಮ ಎಂದರೆ ಚಿಕ್ಕಗೌರಮ್ಮ. ಗಂಡ ತೀರಿಕೊಂಡು ನಾಲ್ಕು ವರ್ಷ. ಮಾಳಿಗೆಯ ರೂಮನ್ನು ರಂಗರಾಜುವಿಗೆ ಕೊಟ್ಟು, ಸಂಜೆ ಊಟವನ್ನೂ ತಾವೇ ಹಾಕುತ್ತಿದ್ದರು. ಬರಹದ ಮೊದಲ ಪ್ಯಾರಾ ಅವರ ಸಾರಿನ ಮೇಲೆ: “ಸುತ್ತ ಹತ್ತು ಹರಿದಾರಿ ತೆಂಗಿನ ತೋಟ. ನಮ್ಮ ಓನರಮ್ಮನ ಸಾರಿಗೆ ಮಾತ್ರ ಕಾಯಿ ಬೀಳುವುದು ಯುಗಾದಿಗೆ. ಉಳಿದ ದಿನ ಆ ಸಾರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.” ಎರಡನೆಯ ಪ್ಯಾರಾ ಇನ್ನೊಂದು ವಿಷಯ: “ದಿನಾ ಸಂಜೆ ನಾನು ಎಷ್ಟು ಗಂಟೆಗೆ ಬಂದೆ, ಯಾವ ಅಂಗಿ ಹಾಕಿದ್ದೆ, ಎಷ್ಟು ಮುದ್ದೆ ಉಂಡೆ ಎಂದು ಸತ್ತ ಗಂಡನ ಫೋಟೋಗೆ ವರದಿ ಒಪ್ಪಿಸುತ್ತಾರೆ. ಆ ಪುಣ್ಯಾತ್ಮ ಬದುಕಿದ್ದಾಗಲೂ ಇಷ್ಟು ಸುದ್ದಿ ಕೇಳಿರಲಿಕ್ಕಿಲ್ಲ.”

ಆ ಬುಧವಾರ ಬೆಳಿಗ್ಗೆ, ಬಸ್ ಸ್ಟ್ಯಾಂಡ್ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಅಜ್ಮತ್ ಫೋನು ಮಾಡಿದ.

“ಲೇ ರಾಜು, ‘ತೆಂಗಿನ ಗರಿ’ ನೋಡ್ದೇನ್ಲಾ? ಮೂರ್ನೇ ಪುಟದಲ್ಲಿ ನಿಮ್ ಓನರಮ್ಮನ ಸಾರು ಹರೀತಾ ಐತೆ.”

ರಂಗರಾಜು ಹಲ್ಲುಜ್ಜುವ ಬ್ರಷ್ಷನ್ನು ಜೇಬಿಗೆ ಹಾಕಿಕೊಂಡು ಅಜ್ಮತ್‌ನ ಅಂಗಡಿಗೆ ಓಡಿದ. ನಿಜವೇ. ಒಂದಕ್ಷರ ಬಿಡದೆ ಅಚ್ಚಾಗಿತ್ತು. ಹೆಸರು ಮಾತ್ರ ಇರಲಿಲ್ಲ, ‘ಅಂತರ್ಜಾಲದಿಂದ ಆಯ್ದದ್ದು’ ಎಂದಿತ್ತು. ಹೆಸರಿಲ್ಲದಿದ್ದರೇನು, ಗಂಡನ ಫೋಟೋ ಜೊತೆ ಮಾತಾಡುವ ಓನರಮ್ಮ ಆ ಬೀದಿಗೆ ಒಬ್ಬರೇ.

“ಅವ್ರು ಓದಿದ್ರೆ ನನ್ ಗತಿ ಏನ್ಲಾ?” ಎಂದ.

“ಓದೋಕೆ ಪೇಪರ್ ಸಿಗ್ಬೇಕಲ್ಲ. ಇರೋದೇ ಏಳೆಂಟು ಅಂಗ್ಡಿ. ಎಲ್ಲಾನೂ ಕೊಂಡ್ಕೊಂಬುಡು,” ಎಂದ ಅಜ್ಮತ್. ಸಲಹೆ ಕೊಡುವವನಿಗೆ ಓಡುವ ಕಾಲು ತನ್ನದಲ್ಲ ಎಂಬ ಧೈರ್ಯ ಇರುತ್ತದೆ.

ಮೊದಲು ಹುಚ್ಚಣ್ಣನ ಪೆಟ್ಟಿಗೆ ಅಂಗಡಿ. ಹನ್ನೆರಡು ಪ್ರತಿ ಇದ್ದವು. “ಅಷ್ಟೂ ಕೊಡಿ” ಎಂದಾಗ ಹುಚ್ಚಣ್ಣ ಬೀಡಿ ಬಾಯಿಂದ ತೆಗೆದ.

“ಯಾಕಪ್ಪ, ಹೆಣ್ಣು ಗೊತ್ತಾಯ್ತಾ? ಫೋಟೋ ಹಾಕ್ಸಿದೀಯಾ?”

“ಇಲ್ಲ ಅಣ್ಣ, ಆಫೀಸಲ್ಲಿ ಇಲಿ ಕಾಟ. ಬಿಲಕ್ಕೆ ತುರುಕೋಕೆ.”

“ಇಲಿ ಬಿಲಕ್ಕೆ ಈ ವಾರದ್ದೇ ಬೇಕಾ? ಹೋದ್ವಾರದ್ದು ಕಟ್ಟುಗಟ್ಲೆ ಬಿದ್ದೈತೆ.”

ರಂಗರಾಜು ಎರಡೂ ವಾರದ್ದನ್ನು ಹೊತ್ತುಕೊಂಡ. ಎರಡನೆಯ ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಹೋಗಿ ಕೂತಿತ್ತು. ಪೇಪರಿನಲ್ಲಿ ಯಾರದೋ ಜಮೀನಿನ ಗುಟ್ಟು ಬಂದಿದೆಯಂತೆ, ಇಂಟರ್ನೆಟ್ ಕಂಪನಿಯವರು ಮುಚ್ಚಿಹಾಕುತ್ತಿದ್ದಾರಂತೆ. ಅಂಗಡಿಯವನು ಒಂದು ಪ್ರತಿಯನ್ನು ಲುಂಗಿಯ ಮಡಿಕೆಗೆ ಸಿಕ್ಕಿಸಿಕೊಂಡು ಉಳಿದವನ್ನು ಕೊಟ್ಟ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡ ಒಬ್ಬರು ಮೂರನೆಯ ಪುಟವನ್ನೇ ಹಿಡಿದು ಕೂತಿದ್ದರು. “ಸ್ವಾಮಿ, ಒಂದ್ನಿಮಿಷ” ಎಂದು ಕಿತ್ತುಕೊಂಡು ಬಂದ. ಆ ಯಜಮಾನರು ಸೋಪಿನ ನೊರೆ ಸಮೇತ ಮಾರ್ಕೆಟ್ ತಿರುವಿನವರೆಗೂ ಅಟ್ಟಿಸಿಕೊಂಡು ಬಂದು, ಉಸಿರು ಸಾಲದೆ ನಿಂತರು.

ಹನ್ನೊಂದು ಗಂಟೆಗೆ ಊರಿನಲ್ಲಿ ‘ತೆಂಗಿನ ಗರಿ’ ಮಾರಾಟಕ್ಕೆ ಒಂದೂ ಉಳಿದಿರಲಿಲ್ಲ. ಎರಡು ಗೋಣಿಚೀಲವನ್ನು ಅಜ್ಮತ್‌ನ ಅಂಗಡಿಯ ಅಟ್ಟಕ್ಕೆ ಏರಿಸಿ ರಂಗರಾಜು ಬೆವರು ಒರೆಸಿಕೊಂಡ. ಇನ್ನು ಬರಹಗಾರನಾಗಿ ಸಂಪಾದಕರನ್ನು ನಾಲ್ಕು ಮಾತು ಕೇಳಬೇಕು ಎಂದು, ಊಟ ಮುಗಿಸಿ ಪ್ರೆಸ್ಸಿನ ಕಡೆ ಹೊರಟ.

ಪ್ರೆಸ್ಸಿನಲ್ಲಿ ಮಿಷನ್ನು ಧಡಕ್ ಧಡಕ್ ಎಂದು ಓಡುತ್ತಿತ್ತು. ಸದಾಶಿವಯ್ಯನವರು ಮದುವೆ ಮನೆಯ ಹೆಣ್ಣಿನ ತಂದೆಯ ಹಾಗೆ ಓಡಾಡುತ್ತಿದ್ದರು.

“ಬನ್ನಿ ಇಂಜಿನಿಯರ್ರೇ. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದ್ಲು ಕಣ್ರೀ. ಹನ್ನೊಂದು ಗಂಟೆಗೆಲ್ಲ ಪೇಪರ್ ಖಾಲಿ. ಎಲ್ಲಾ ಅಂಗ್ಡಿಯೋರೂ ಇನ್ನೂ ಬೇಕು ಅಂತಾವ್ರೆ. ಸಾವಿರ ಪ್ರತಿ ಹಾಕಿಸ್ತಾ ಇದೀನಿ. ಆಗ್ಲೇ ಆರುನೂರು ಹೋಯ್ತು.”

ರಂಗರಾಜುವಿಗೆ ಕಾಲ ಕೆಳಗಿನ ನೆಲ ಮಿಷನ್ನಿನ ಜೊತೆಗೇ ಅದುರಿದಂತಾಯಿತು. “ಸಾರ್, ಆ ಓನರಮ್ಮನ ಲೇಖನ ಒಂದು ತೆಗ್ದುಬಿಡಿ.”

“ಅದ್ಕೇ ಅಲ್ವೇನ್ರೀ ಜನ ಮುಗಿಬಿದ್ದಿರೋದು. ನೀವು ಸುಮ್ನೆ ಗಾಬ್ರಿ ಬೀಳ್ಬೇಡಿ, ನಾನು ಮೊದ್ಲೇ…” ಮುಂದಿನ ಮಾತನ್ನು ಮಿಷನ್ನು ನುಂಗಿತು. ರಂಗರಾಜು ಕೇಳಿಸಿಕೊಳ್ಳುವ ಸ್ಥಿತಿಯಲ್ಲೂ ಇರಲಿಲ್ಲ.

ಸಂಜೆಯವರೆಗೆ ಅವನು ಊರಿನ ಇಂಟರ್ನೆಟ್ ತೊಂದರೆಗಳನ್ನೆಲ್ಲ ತಾನೇ ಹುಡುಕಿಕೊಂಡು ಹೋಗಿ ಸರಿಮಾಡಿದ. ಹೋದಲ್ಲೆಲ್ಲ ಮೂರನೆಯ ಪುಟ. ಒಂದು ಮನೆಯಲ್ಲಿ ಸೊಸೆ ಗಟ್ಟಿಯಾಗಿ ಓದುತ್ತಿದ್ದಳು, ಅತ್ತೆ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ತನ್ನ ಬರಹಕ್ಕೆ ಜನ ನಗುವುದನ್ನು ಅವನು ಕಣ್ಣಾರೆ ಕಂಡದ್ದು ಅದೇ ಮೊದಲು. ಮೂರು ವರ್ಷ ಅದನ್ನೇ ಬಯಸಿದ್ದವನು ಈಗ ತಲೆ ಎತ್ತದೆ ವೈರು ಜೋಡಿಸಿದ. ಹೋದ ವರ್ಷ ತನಗೆ ಜ್ವರ ಬಂದಾಗ ಚಿಕ್ಕಗೌರಮ್ಮ ಮಂಡಿನೋವಿನಲ್ಲೂ ದಿನಕ್ಕೆ ನಾಲ್ಕು ಸಲ ಮಾಳಿಗೆ ಹತ್ತಿ ಗಂಜಿ ತಂದಿದ್ದರು. ಅದನ್ನೇಕೆ ಒಂದು ಸಾಲೂ ಬರೆಯಲಿಲ್ಲ? ನಗು ಬರುವಂಥದ್ದಾಗಿರಲಿಲ್ಲ, ಅದಕ್ಕೇ.

ಆರು ಗಂಟೆಗೆ ಮನೆಗೆ ಬಂದರೆ ಚಿಕ್ಕಗೌರಮ್ಮ ಜಗಲಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ‘ತೆಂಗಿನ ಗರಿ’.

“ಬಂದ್ಯಾ ಕಣಪ್ಪ. ಇದ್ರಲ್ಲಿ ಏನೋ ಬಂದೈತಂತೆ, ಬೀದಿಯೋರೆಲ್ಲ ಹೇಳ್ತಾವ್ರೆ. ನಂಗೆ ಸಣ್ಣಕ್ಷರ ಕಾಣಾಕಿಲ್ಲ. ಚೂರು ಓದಿ ಹೇಳು.”

ರಂಗರಾಜು ಪಕ್ಕದಲ್ಲಿ ಕೂತು ಪೇಪರು ಹಿಡಿದ. ಗಂಟಲು ಸರಿಮಾಡಿಕೊಂಡು, ಅಚ್ಚಾಗಿದ್ದ ಅಕ್ಷರದ ಮೇಲೆ ಕಣ್ಣಿಟ್ಟು, ಬೇರೆಯದೇ ಓದತೊಡಗಿದ.

“ನಮ್ಮ ಓನರಮ್ಮನ ಸಾರಿನ ಘಮ ಬೀದಿ ತುದಿಯವರೆಗೂ ಬರುತ್ತದೆ. ಅದಕ್ಕೆ ಬೀಳುವ ಕಾಯಿ ನೋಡಿದರೆ ತೋಟವೇ ಅಡುಗೆಮನೆಗೆ ಬಂದ ಹಾಗೆ.” ನಾಲಿಗೆ ಸರಾಗವಾಯಿತು. “ನನಗೆ ಜ್ವರ ಬಂದಾಗ ಮಂಡಿನೋವಿದ್ದರೂ ಮಾಳಿಗೆ ಹತ್ತಿ ಗಂಜಿ ತಂದುಕೊಟ್ಟರು. ನಾನು ಊರು ಬಿಟ್ಟು ಬಂದವನು ಎಂಬುದೇ ಈ ಮನೆಯಲ್ಲಿ ಮರೆತುಹೋಗುತ್ತದೆ.” ಓದುತ್ತ ಓದುತ್ತ ಅವನ ಧ್ವನಿಯೇ ತುಂಬಿ ಬಂತು. ಪೇಪರು ಮಡಿಸಿದ.

ಚಿಕ್ಕಗೌರಮ್ಮ ಅವನನ್ನೇ ನೋಡುತ್ತಿದ್ದರು.

“ಮುಗೀತಾ? ಫೋಟೋ ವಿಷ್ಯ ಬರ್ಲೇ ಇಲ್ವಲ್ಲ.”

“ಯಾವ… ಯಾವ ಫೋಟೋ ಅಮ್ಮ?”

“ನಮ್ ಯಜಮಾನ್ರುದು ಕಣಪ್ಪ. ಸದಾಶಿವಯ್ಯ ನಮ್ ತಂಗಿ ಮೈದುನ. ಸೋಮವಾರನೇ ಬಂದು ಪೂರಾ ಓದಿ ಹೇಳ್ದ. ಹಿಂಗ್ ಬರ್ದವನೆ ನಿಮ್ ಹುಡ್ಗ, ನೀನು ಬ್ಯಾಡ ಅಂದ್ರೆ ಹಾಕಾಕಿಲ್ಲ ಅಂದ. ನಾನೇ ಹಾಕು ಅಂದೆ.”

ರಂಗರಾಜು ಮಡಿಸಿದ ಪೇಪರನ್ನು ಇನ್ನೊಮ್ಮೆ ಮಡಿಸಿದ. “ಯಾಕಮ್ಮ ಹಂಗಂದ್ರಿ?”

“ಸಾರು ನೀರಾಗಿರಾದು ಸುಳ್ಳಾ? ಅವ್ರು ಹೋದ್ಮೇಲೆ ಅಳತೆಯೇ ತಪ್ಪೋಯ್ತು. ಫೋಟೋ ವಿಷ್ಯ ಕೇಳಿದಾಗ ಮಾತ್ರ ಕರುಳು ಚುರ್ ಅಂತು. ಆದ್ರೆ ನಿನ್ ಬರವಣಿಗೆ ಪೇಪರ್ನಾಗೆ ಬಂದ್ರೆ ನಿಂಗೆ ಖುಷಿ ಆಯ್ತದಲ್ಲ ಅನ್ಕಂಡೆ. ಇನ್ನು ಆ ಸದಾಶಿವನ ಪೇಪರ್ನ ಯಾರ್ ಓದ್ತಾರೆ? ಹುಚ್ಚಣ್ಣ ಕಡ್ಲೇಕಾಯಿ ಕಟ್ಟಾಕೆ ಮಡಿಕಂಡಿರ್ತಾನೆ. ಇಪ್ಪತ್ತು ವರ್ಷದಿಂದ ಒಂದ್ ನರಪಿಳ್ಳೆ ಅದ್ರ ಮೂರ್ನೇ ಪುಟ ನೋಡಿಲ್ಲ. ಆ ಧೈರ್ಯದ ಮ್ಯಾಲೆ ಹಾಕು ಅಂದೆ. ಯಾವನೋ ಪಾಪಿ ಇವತ್ತು ಇದ್ದ ಪೇಪರ್ನೆಲ್ಲ ಕೊಂಡ್ಕೊಂಡ್ನಂತೆ. ಈಗ ಸಾವಿರ ಅಚ್ಚಾಕವ್ನೆ. ಯಾರಂತೆ ಅವ್ನು, ನಿಂಗೇನಾರಾ ಗೊತ್ತಾ?”

ರಂಗರಾಜು ನೆಲ ನೋಡಿದ. ಸುಳ್ಳು ಹೇಳಲು ಆ ದಿನ ಇನ್ನೇನೂ ಉಳಿದಿರಲಿಲ್ಲ. “ನಾನೇ ಅಮ್ಮ,” ಎಂದ.

ಅವರು ಬೈಯುತ್ತಾರೆ, ರೂಮು ಖಾಲಿ ಮಾಡು ಎನ್ನುತ್ತಾರೆ ಎಂದು ಕಾದ. ಹಾಗಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ಕಾಳಕ್ಕ, ಹಿಂದೆಯೇ ಇನ್ನೂ ಮೂವರು ಹೆಂಗಸರು, ಕೈಯಲ್ಲಿ ಹೊಸದಾಗಿ ಅಚ್ಚಾದ ಪೇಪರು ಹಿಡಿದು ಅಂಗಳಕ್ಕೆ ಬಂದರು.

“ಗೌರಮ್ಮಕ್ಕ, ಊರೆಲ್ಲ ಇದೇ ಮಾತು. ಓದೋರ್ ಯಾರೂ ಇಲ್ಲ ನಮ್ಗೆ. ಇಂಟರ್ನೆಟ್ ಮೇಷ್ಟ್ರು ಓದಿ ಹೇಳ್ತಾರೇನೋ ಅಂತ ಬಂದ್ವಿ.”

“ಓದ್ತಾನೆ, ಕೂತ್ಕೊಳ್ರೇ,” ಎಂದು ಚಿಕ್ಕಗೌರಮ್ಮ ಜಾಗ ಬಿಟ್ಟು ಸರಿದರು. ಆಮೇಲೆ ರಂಗರಾಜುವಿನ ಕಡೆ ತಿರುಗಿ ಮೆಲ್ಲಗೆ, “ಈ ಸಲ ಬರ್ದಿರಾದ್ನೇ ಓದಪ್ಪ,” ಎಂದರು.

ಓದಿದ. ಸಾರಿನ ಪ್ಯಾರಾ ಮುಗಿಯುವಷ್ಟರಲ್ಲಿ ಕಾಳಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಚಿಕ್ಕಗೌರಮ್ಮನೂ ನಕ್ಕರು. ಎರಡನೆಯದು, ಫೋಟೋದ ಪ್ಯಾರಾ; ಅದರ ಮೊದಲ ಪದದ ಮುಂದೆ ರಂಗರಾಜುವಿನ ನಾಲಿಗೆ ನಿಂತುಬಿಟ್ಟಿತು. ಪೇಪರು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ. ಹೆಂಗಸರು ಕಾಯುತ್ತಿದ್ದರು.

“ಊಂ, ಮುಂದಕ್ಕೋದು,” ಎಂದರು ಚಿಕ್ಕಗೌರಮ್ಮ.