ಭಾವ ಕೂತು ನೋಡಿದ ಕಾರುಗಳು

ಅರವತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಹೊಸ ಕಾರುಗಳನ್ನು ಹತ್ತಿ ಇಳಿದವರು ಯಾರು ಗೊತ್ತೆ? ಶಾಸಕರಲ್ಲ, ಮಂಡಿ ಸಾಹುಕಾರರಲ್ಲ, ದೊಡ್ಡ ವಕೀಲರೂ ಅಲ್ಲ. ನಮ್ಮ ಭಾವ! ಹೊಸನಗರದ ಪೇಟೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಬೆಂಚು, ಒಂದು ಕನ್ನಡಿ ಇಟ್ಟುಕೊಂಡು ಕೂತಿದ್ದ ದರ್ಜಿ. ಅವರು ಹತ್ತಿದ ಕಾರುಗಳಲ್ಲಿ ಒಂದಾದರೂ ಅವರನ್ನು ಕೂರಿಸಿಕೊಂಡು ಒಂದು ಮಾರು ದೂರ ಹೋದದ್ದನ್ನು ನಾನು ಕಂಡಿಲ್ಲ. ಅಷ್ಟೂ ಕಾರುಗಳು ನಿಂತಲ್ಲೇ ನಿಂತಿದ್ದವು. ಭಾವ ಹಿಂದಿನ ಬಾಗಿಲಿನಿಂದ ಹತ್ತಿ ಹಿಂದಿನ ಬಾಗಿಲಿನಿಂದಲೇ ಇಳಿದಿದ್ದರು.

ಆಗ ಹೊಸ ಮಾದರಿಯ ಕಾರು ಬಂದರೆ ಶಿವಮೊಗ್ಗದ ಏಜೆಂಟರು ಅದನ್ನು ಊರೂರಿಗೆ ತಂದು ಮೈದಾನದಲ್ಲಿ ಚಪ್ಪರ ಹಾಕಿ ನಿಲ್ಲಿಸುತ್ತಿದ್ದರು. ಮೈಕು, ಬಣ್ಣದ ಕಾಗದ, ಕೈಗೆ ಸಿಕ್ಕಿದವರಿಗೆಲ್ಲ ಕರಪತ್ರ. ಕೊಳ್ಳುವವರು ಇಬ್ಬರೋ ಮೂವರೋ, ನೋಡುವವರು ಊರಿಗೆ ಊರೇ! ಕೆಲವರು ಹಾರನ್ ಒತ್ತಿ ಧನ್ಯರಾಗುತ್ತಿದ್ದರು. ಕೆಲವರು ಅದರ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಭಾವ ಮಾತ್ರ ಕಾರಿಗೆ ಮುಂಭಾಗ ಎನ್ನುವುದೊಂದಿದೆ ಎಂಬುದನ್ನೇ ಗಮನಿಸಿದವರಲ್ಲ. ನೇರವಾಗಿ ಹಿಂದಿನ ಬಾಗಿಲಿಗೆ ಹೋಗುತ್ತಿದ್ದರು. ಕಂಕುಳಲ್ಲಿ ಕೊಡೆ ಇರಬೇಕಾದಲ್ಲಿ ಒಂದು ವಾಟೆ ಬಿದಿರಿನ ಕೋಲು.

ತೀರ್ಥಹಳ್ಳಿಯಲ್ಲಿ ನಡೆದ ಮೊದಲನೆಯ ಪ್ರದರ್ಶನಕ್ಕೆ ನಾನೂ ಜೊತೆಗೆ ಹೋಗಿದ್ದೆ. ನಾನು ಆಗ ಹೊಸನಗರದ ಶಾಲೆಯಲ್ಲಿ ಮೇಷ್ಟರು. ಟೈ ಕಟ್ಟಿದ ಏಜೆಂಟ್ ಎಂಜಿನ್ನಿನ ಬಗ್ಗೆ ಭಾಷಣ ಮಾಡುತ್ತಿದ್ದ. ಭಾವ ಹಿಂದಿನ ಬಾಗಿಲು ತೆಗೆದು ಕೋಲನ್ನು ಸೀಟಿನ ಉದ್ದಕ್ಕೂ ತೂರಿಸಿದರು. ಏಜೆಂಟನ ಭಾಷಣ ನಿಂತಿತು.

"ಸ್ವಾಮಿ, ಏನದು?"

"ಕಾಲು" ಎಂದರು ಭಾವ.

"ಯಾರ ಕಾಲು?"

"ನಮ್ಮನೆಯವಳದ್ದು. ಹಿಡ್ಸೂದಿಲ್ಲ ನಿಮ್ಮ ಕಾರಲ್ಲಿ. ಇನ್ನೂ ಸ್ವಲ್ಪ ಅಗಲ ಮಾಡೂಕೆ ಹೇಳಿ ಕಂಪೆನಿಯವ್ರಿಗೆ!"

ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಆ ಕಾಲು ನನ್ನ ಅಕ್ಕನದು.

ಅದರ ಹಿಂದಿನ ವರ್ಷ ಅಕ್ಕ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದಿದ್ದಳು. ನಾಟಿ ವೈದ್ಯರು ಕಟ್ಟಿದ ಕಟ್ಟು ಸರಿಯಾಗಿ ಕೂರಲಿಲ್ಲ. ಮೊಣಕಾಲು ಮಡಚುವುದನ್ನು ಬಿಟ್ಟಿತು. ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರೊಬ್ಬರು ಯಾವುದೋ ಮದುವೆಗೆಂದು ಹೊಸನಗರಕ್ಕೆ ಬಂದಿದ್ದಾಗ ಮನೆಗೆ ಬಂದು ನೋಡಿದರು. ಕಾಲಿಗೆ ಒಂದು ಹಲಗೆ ಕಟ್ಟಿಸಿ, "ಕರ್ಕೊಂಡು ಬನ್ನಿ, ಬಿಚ್ಚಿ ಸರಿ ಮಾಡುವ. ನಡೀತಾರೆ. ಆದ್ರೆ ದಾರೀಲಿ ಕಾಲು ನೀಟವಾಗಿ ಚಾಚಿರ್ಬೇಕು, ಎಲ್ಲಿಗೂ ತಾಗ್ಬಾರ್ದು. ಮಳೆಗಾಲದೊಳಗೆ ಬನ್ನಿ" ಎಂದು ಹೇಳಿ ಹೋದರು.

ಹೇಗೆ ಹೋಗುವುದು? ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ಇಳಿಯುವುದಿಲ್ಲ. ಇಳಿಯುವ ಸಣ್ಣ ವ್ಯಾನುಗಳಲ್ಲಿ ಮಡಚುವ ಕಾಲಿನವರಿಗೇ ಜಾಗವಿಲ್ಲ. ಉಳಿದದ್ದು ಕಾರಿನ ಹಿಂದಿನ ಸೀಟು. ಒಂದು ಬಾಗಿಲಿಗೆ ದಿಂಬು ಕೊಟ್ಟು ಒರಗಿ, ಇನ್ನೊಂದು ಬಾಗಿಲಿನತ್ತ ಕಾಲು ಚಾಚಿ ಅಕ್ಕ ಕೂರಬೇಕು. ಅಕ್ಕನೋ ನಮ್ಮ ಮನೆಯವರಲ್ಲೆಲ್ಲ ಉದ್ದದವಳು. ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರು ಇಟ್ಟಿದ್ದ ಒಬ್ಬರು ಭಾವನಲ್ಲೇ ಅಂಗಿ ಹೊಲಿಸುತ್ತಿದ್ದರು. ಅವರ ಹಳೆಯ ಕಾರು ತೀರ ಚಿಕ್ಕದು.

"ನಂಗೆ ಯಾವ ಕಾರಾದ್ರೂ ಒಂದೇ ಟೈಲರಣ್ಣ" ಎಂದಿದ್ದರು ಅವರು. "ಹ್ಯಾಂಗೂ ಈ ವರ್ಷ ಇದನ್ನ ಕೊಟ್ಟು ಹೊಸದು ತರ್ಬೇಕು. ಅಕ್ಕನ ಕಾಲು ಹಿಡ್ಸೋದು ಯಾವ್ದು ಅಂತ ನೀವು ನೋಡಿ ಹೇಳಿ, ಅದ್ನೇ ತರ್ತೀನಿ. ಮೊದ್ಲ ಬಾಡಿಗೆ ಘಟ್ಟದ ಕೆಳಗೇ!"

ಹೀಗೆ ನಮ್ಮ ಭಾವ ಕಾರು ಪರೀಕ್ಷಕರಾದರು.

ಅಳತೆ ತೆಗೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಕ್ಕ ಗೋಡೆಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿ ಕಾಲು ಚಾಚಿ ಕೂತಿದ್ದಳು. ಭಾವ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಎರಡು ಗೀಟು ಎಳೆದರು. ಒಂದು ದಿಂಬಿನ ಹಿಂದೆ, ಒಂದು ಹಲಗೆಯ ತುದಿಗೆ. ಎರಡರ ನಡುವೆ ಟೇಪು ಹಿಡಿದು ನೋಡಿ, ಅಂಗಡಿಗೆ ಹೋಗಿ, ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಕೋಲಿಟ್ಟು ಕೊಯ್ದು ತಂದರು.

"ಟೇಪನ್ನೇ ತಗೊಂಡು ಹೋದ್ರೆ ಸಾಕಲ್ಲ ಭಾವ, ಕೋಲು ಯಾಕೆ?" ಎಂದೆ.

"ಟೇಪು ಮಡಚ್ತದೆ ಮಾರಾಯ. ಅವಳ ಕಾಲು ಮಡಚ್ತದಾ?"

ಇಷ್ಟು ಹೇಳಿದ ಮೇಲೆ ನಗುವುದು ಕಷ್ಟ. ಆದರೆ ನಾವು ನಕ್ಕದ್ದು ನಿಜ, ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕ. ಭಾವ ಇರುವುದೇ ಹಾಗೆ! ಯಾವುದರಲ್ಲೂ ಒಂದು ಬೆರಳು ಹೆಚ್ಚು ಬಿಡಬೇಕು. "ಒಂದು ಬೆರಳು ಹೊಲಿಗೆಗೆ ಇರ್ಲಿ" ಎನ್ನುವುದು ಅವರ ಮಂತ್ರ. ನನ್ನ ಅಂಗಿಗಳ ಒಳಗೆ ಎಷ್ಟು ಬಟ್ಟೆ ಮಡಚಿ ಹೊಲಿದಿರುತ್ತಿದ್ದರೆಂದರೆ, ಬಿಚ್ಚಿದರೆ ನಮ್ಮ ಹೆಡ್‌ಮಾಸ್ಟರಿಗೂ ಆಗುತ್ತಿತ್ತು. ಅವರ ಹೊಟ್ಟೆ ಸಾಮಾನ್ಯದ್ದಲ್ಲ! ಬಸ್ಸಿಗೆ ಹೋಗುವಾಗಲೂ ಒಂದು ಗಂಟೆ ಹೊಲಿಗೆಗೆ ಬಿಟ್ಟೇ ಹೊರಡುವುದು. ಹೋಗಿ ನೋಡಿದರೆ ಅದರ ಹಿಂದಿನ ಬಸ್ಸೇ ಇನ್ನೂ ಹೊರಟಿರುತ್ತಿರಲಿಲ್ಲ.

ಒಂದು ದಿನ ಅಕ್ಕ ಕೇಳಿದಳು: "ಅಲ್ಲಾ, ಸೀಟು ಪೂರ್ತಿ ನಾನೇ ಆದ್ರೆ ನೀವೆಲ್ಲಿ ಕೂರ್ತೀರಿ?"

"ಮುಂದೆ, ಡ್ರೈವರ್ ಪಕ್ಕ."

"ಮತ್ತೆ ಘಾಟಿಯ ಹದಿನಾಲ್ಕು ತಿರುವಿನಾಗೆ ನನ್ನ ಕಾಲು ಹಿಡ್ಕೊಳೋರು ಯಾರು? ನಿಮ್ಮ ಕೋಲಾ?"

ಮಾರನೆಯ ದಿನ ನಾನು ಅಂಗಡಿಗೆ ಹೋದಾಗ ಭಾವ ಬೆಂಚಿಗೂ ಹೊಲಿಗೆ ಯಂತ್ರಕ್ಕೂ ನಡುವಿನ ಸಂದಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಯನ್ನು ಬೆಂಚಿನ ಮೇಲೆ ಹಿಡಿದು ಅತ್ತಿತ್ತ ವಾಲುತ್ತಿದ್ದರು. ಕಾರಿನ ಎರಡು ಸೀಟುಗಳ ನಡುವೆ ನೆಲದ ಮೇಲೆ ಕೂರುವ ಅಭ್ಯಾಸವಂತೆ! ಎಡಕ್ಕೆ ವಾಲಿದರೆ ಒಂದು ತಿರುವು, ಬಲಕ್ಕೆ ವಾಲಿದರೆ ಇನ್ನೊಂದು. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಬಾಗಿಲಿನಿಂದಲೇ ವಾಪಸು ಹೋದಳು.

"ಎಷ್ಟನೇ ತಿರುವಿನಲ್ಲಿದ್ದೀರಿ ಭಾವ?"

"ಒಂಬತ್ತು. ಮಾತಾಡಿಸ್ಬೇಡ ಮಾರಾಯ. ತಪ್ಪಿ ಹೋಗ್ತದೆ."

ಅಲ್ಲಿಂದ ಮುಂದೆ ಪ್ರದರ್ಶನಗಳಲ್ಲಿ ಅವರು ಕೋಲು ಇಟ್ಟು ನೋಡುವುದಷ್ಟೇ ಅಲ್ಲ, ಕಾರಿನ ನೆಲದ ಮೇಲೂ ಕೂತು ನೋಡತೊಡಗಿದರು. ಹೊಸನಗರಕ್ಕೆ ಬಂದ ಕಾರಿನಲ್ಲಿ ನೆಲಕ್ಕೆ ಜಾಗವಿತ್ತು, ಕೋಲಿಗೆ ಇರಲಿಲ್ಲ. ಏಜೆಂಟ್ ಅವರನ್ನು ರಟ್ಟೆ ಹಿಡಿದು ಎಬ್ಬಿಸಿದ. ಎದ್ದವರು ಅವನ ಕೋಟಿನ ತೋಳು ನೋಡಿ, "ಹೆಗಲಲ್ಲಿ ಹಿಡೀತದೆ, ಅಂಗಡಿಗೆ ಬನ್ನಿ, ಬಿಚ್ಚಿ ಕೊಡ್ತೀನಿ" ಎಂದರು!

ಈಗ ಸಾಗರದ ಪ್ರದರ್ಶನದ ಮಾತು. ಇದನ್ನು ನಾನು ನಿಧಾನವಾಗಿ ಬರೆಯಬೇಕು. ಯಾವುದೂ ಹೆಚ್ಚು ಕಡಿಮೆಯಾಗಬಾರದು.

ಬೇಸಿಗೆಯ ಕೊನೆ. ಬಾಡಿಗೆ ಕಾರಿನವರೂ ಬಂದಿದ್ದರು. ಅವರಿಗೆ ಕಾರಿನ ಬಣ್ಣ ನೋಡಿಯೇ ಮನಸ್ಸಾಗಿತ್ತು. ಭಾವ ಚಪ್ಪಲಿ ಹೊರಗೆ ಬಿಟ್ಟು ಹತ್ತಿ, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕೈಯನ್ನು ಸೀಟಿನ ಮೇಲೆ ಒಂದು ಹಿಮ್ಮಡಿಯ ಎತ್ತರಕ್ಕೆ ಹಿಡಿದರು. ಜನ ಗಾಜಿಗೆ ಮುಖ ಒತ್ತಿ ನೋಡುತ್ತಿದ್ದರು. ಏಜೆಂಟ್ ನನ್ನ ಕಡೆ ತಿರುಗಿ, "ಇವರು ಏನ್ ಮಾಡ್ತಿದಾರೆ ಸಾರ್? ನಿಮ್ಮ ಕಡೆಯವರಾ?" ಎಂದ. ಗುಂಪಿನಲ್ಲಿ ನನ್ನ ಶಾಲೆಯ ಇಬ್ಬರು ಮೇಷ್ಟರಿದ್ದರು.

"ಗೊತ್ತಿಲ್ಲ" ಎಂದೆ ನಾನು.

ಭಾವ ಕೇಳಿಸಿಕೊಂಡರೋ ಇಲ್ಲವೋ ತಿಳಿಯದು. ಇಳಿದು ಬಂದು ಸೀಟಿನ ಮೇಲೆ ಕೋಲಿಟ್ಟರು. ಒಂದು ತುದಿ ಆಚೆಯ ಬಾಗಿಲಿಗೆ ಮುಟ್ಟಿತು. ಈಚೆಯ ಬಾಗಿಲು ಹಾಕಲು ಹೋದರೆ ಕೋಲು ಅಡ್ಡ ಬಂತು. ಭಾವ ಆ ಸಂದಿಗೆ ತಮ್ಮ ತೋರುಬೆರಳನ್ನು ಅಡ್ಡ ಇಟ್ಟು ನೋಡಿದರು.

"ಒಂದು ಬೆರಳು ಸಾಲ್ದು."

"ಒಂದು ಬೆರಳಿಗೆ ಎಂತ ಟೈಲರಣ್ಣ!" ಎಂದರು ಬಾಡಿಗೆ ಕಾರಿನವರು. "ದಿಂಬು ತೆಳ್ಳಗಿಂದು ಹಾಕಿದ್ರಾತು. ಹೂಂ ಅನ್ನಿ, ನಾಳೆನೇ ತರ್ತೀನಿ."

ಭಾವ ಆ ಸಂದಿಗೆ ಇನ್ನೊಮ್ಮೆ ಬೆರಳಿಟ್ಟು ನೋಡಿದರು. ಆಮೇಲೆ ತಲೆ ಅಲ್ಲಾಡಿಸಿದರು. "ಹದಿನಾಲ್ಕು ತಿರುವು ಅಣ್ಣ. ಒಂದೊಂದು ತಿರುವಿನಾಗೂ ಹಲಗೆ ಬಾಗ್ಲಿಗೆ ಹೊಡೀತದೆ. ಅವಳು ಹೇಳೂದಿಲ್ಲ, ಹಲ್ಲು ಕಚ್ಚಿ ಕೂತ್ಕೊಳ್ತಾಳೆ. ಬೇಡ."

"ಮುಂದಿನ ಮಾಡೆಲ್ ಇನ್ನೂ ಅಗಲ ಸಾರ್, ಒಂದೇ ತಿಂಗಳು" ಎಂದ ಏಜೆಂಟ್. ಕಾಯೋಣ ಎಂದು ತೀರ್ಮಾನವಾಯಿತು.

ಮನೆಗೆ ಬಂದು ಹೇಳಿದಾಗ ಅಕ್ಕ ನಕ್ಕಳು. "ನನ್ನ ಕಾಲು ಉದ್ದ ಆಯ್ತಾ, ಅವ್ರ ಕಾರು ಗಿಡ್ಡ ಆಯ್ತಾ? ಕಾಲನ್ನೇ ಒಂದು ಬೆರಳು ಮಡಚಿ ಹೊಲೀರಲ್ಲ ಮತ್ತೆ!"

ಆ ತಿಂಗಳು ಕಾರು ಬರಲಿಲ್ಲ. ಮಳೆ ಬಂತು. ಘಾಟಿಯಲ್ಲಿ ಮಣ್ಣು ಕುಸಿದು ದಾರಿ ಕಟ್ಟಿತು. ಆಷಾಢದಲ್ಲಿ ಅಕ್ಕನ ಕಾಲು ಒಳಗಿನಿಂದ ಕೀವಾಗಿ ಜ್ವರ ಹಿಡಿಯಿತು. ಊರಿನ ಡಾಕ್ಟರು ದಿನಕ್ಕೆ ಎರಡು ಸಲ ಬಂದು ಸೂಜಿ ಹಾಕಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಭಾವ ಗಂಜಿ ತಂದು ಕುಡಿಸಿದರು. ಎರಡು ಚಮಚ ಕುಡಿದು ಅಕ್ಕ ನನ್ನ ಕಡೆ ನೋಡಿದಳು. "ಉಪ್ಪಿಗೂ ಒಂದು ಬೆರಳು ಹೊಲಿಗೆಗೆ ಬಿಡ್ತಾರೆ ಕಣೋ ತಮ್ಮ, ಇವ್ರು" ಎಂದಳು. ಅದು ಅವಳ ಕೊನೆಯ ತಮಾಷೆ. ಮಧ್ಯಾಹ್ನ ಹೋಗಿಬಿಟ್ಟಳು.

ಹದಿಮೂರನೆಯ ದಿನದ ಊಟ ಮುಗಿದು ಎಲ್ಲರೂ ಹೋದ ಮೇಲೆ ನಾನು ಆ ಕೋಣೆಯನ್ನು ಗುಡಿಸಿದೆ. ಮಂಚ ತೆಗೆದಿದ್ದರು. ಗೋಡೆಯ ಮೇಲೆ ಎರಡು ನೀಲಿ ಗೀಟು ಹಾಗೆಯೇ ಇದ್ದವು. ಕೋಲು ಮೂಲೆಯಲ್ಲಿತ್ತು. ಯಾಕೆ ಹಾಗೆ ಮಾಡಿದೆನೋ, ಕೋಲನ್ನು ತೆಗೆದು ಗೋಡೆಯ ಮೇಲಿಟ್ಟೆ. ಒಂದು ತುದಿಯನ್ನು ದಿಂಬಿನ ಗೀಟಿಗೆ ಸರಿಯಾಗಿ ಹಿಡಿದೆ. ಇನ್ನೊಂದು ತುದಿ ಹಲಗೆಯ ಗೀಟನ್ನು ದಾಟಿ ಮುಂದೆ ಹೋಗಿತ್ತು. ಅಲ್ಲಿಗೆ ನನ್ನ ತೋರುಬೆರಳನ್ನು ಅಡ್ಡ ಇಟ್ಟು ನೋಡಿದೆ. ಸರಿಯಾಗಿ ಒಂದು ಬೆರಳು.

ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಕೋಲಿಟ್ಟಾಗ ಇಪ್ಪತ್ತು ವರ್ಷದ ಅಭ್ಯಾಸದ ಕೈ ಒಂದು ಬೆರಳನ್ನು ಹೊಲಿಗೆಗೆ ಬಿಟ್ಟಿತ್ತು. ಮನಸ್ಸಿಗೆ ಅದು ಗೊತ್ತೇ ಆಗಿರಲಿಲ್ಲ. ಸಾಗರದ ಕಾರಿನಲ್ಲಿ ಅಕ್ಕನ ಕಾಲು ಹಿಡಿಸುತ್ತಿತ್ತು.

ಕೋಲನ್ನು ಮೂಲೆಯಲ್ಲಿ ಮೊದಲಿದ್ದಂತೆಯೇ ಇಟ್ಟೆ. ಭಾವನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಯಾವ ಬಾಯಿಂದ ಹೇಳುವುದು? ಅದೇ ಬಾಯಿಂದ ಅಲ್ಲವೆ ನಾನು "ಗೊತ್ತಿಲ್ಲ" ಎಂದದ್ದು?

ಬಾಡಿಗೆ ಕಾರಿನವರು ಕೊನೆಗೆ ಸಾಗರದಲ್ಲಿ ನೋಡಿದಂಥ ಕಾರನ್ನೇ ಕೊಂಡರು. ಅದು ಹೊಸನಗರದ ಪೇಟೆಯಲ್ಲಿ ಹಾದು ಹೋಗುವಾಗ ಭಾವನ ಹೊಲಿಗೆ ಯಂತ್ರ ಒಂದು ಕ್ಷಣ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಳಿದರು, ಆ ಗೋಡೆಯೊಂದನ್ನು ಬಿಟ್ಟು.

ಮತ್ತು ಪ್ರದರ್ಶನಗಳಿಗೆ ಹೋಗುವುದನ್ನು ಅವರು ನಿಲ್ಲಿಸಲಿಲ್ಲ! ಹೊಸ ಕಾರು ಬಂತೆಂದರೆ ಅಂಗಡಿಗೆ ಬಾಗಿಲು, ಕಂಕುಳಲ್ಲಿ ಕೋಲು. ಜನ ಮೊದಲು ನಗುತ್ತಿದ್ದರು, ಆಮೇಲೆ ನಗುವುದನ್ನೂ ಬಿಟ್ಟರು. ನಾನು ಒಂದಲ್ಲ ಒಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಎರಡು ವರ್ಷದ ಮೇಲೆ ಒಂದು ಭಾನುವಾರ, "ಸಾಗರಕ್ಕೆ ಹೊಸ ಮಾಡೆಲ್ ಬಂದದಂತೆ, ಬರ್ತೀಯೇನು ಮಾರಾಯ?" ಎಂದು ಕೇಳಿದರು. ನೆವ ಹೊಳೆಯಲಿಲ್ಲ. ಹೋದೆ.

ಅದೇ ಮೈದಾನ, ಅಂಥದೇ ಚಪ್ಪರ. ಬೇರೆ ಏಜೆಂಟ್, ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಭಾವ ಚಪ್ಪಲಿ ಬಿಟ್ಟು, ಹಿಂದಿನ ಬಾಗಿಲು ತೆಗೆದು, ಕೋಲನ್ನು ಸೀಟಿನ ಮೇಲೆ ಮಲಗಿಸಿದರು. ಅದು ಎರಡೂ ಕಡೆ ಧಾರಾಳ ಜಾಗ ಬಿಟ್ಟು ಮಲಗಿತು. ಆಗ ನಾನು ಕೋಲಿನ ತುದಿ ನೋಡಿದೆ. ಉಳಿದ ಕೋಲೆಲ್ಲ ಕೈಯ ಜಿಡ್ಡು ಹಿಡಿದು ಕಪ್ಪಾಗಿತ್ತು. ಒಂದು ತುದಿ ಮಾತ್ರ ಬಿಳಿ. ಈಚೆಗೆ ಕೊಯ್ದದ್ದು. ನಾನು ಕೊಯ್ದಿರಲಿಲ್ಲ.

ಅಂದರೆ ಅವರೂ ಕೋಲನ್ನು ಆ ಗೋಡೆಗೆ ಹಿಡಿದು ನೋಡಿದ್ದರು. ನನಗೆ ಹೇಳಿರಲಿಲ್ಲ.

ಭಾವ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಮೊದಲಿನಷ್ಟು ಸುಲಭವಾಗಿ ಕೂರಲಾಗಲಿಲ್ಲ, ಮುಂದಿನ ಸೀಟನ್ನು ಹಿಡಿದು ಕೂತರು. ಎರಡೂ ಅಂಗೈಗಳನ್ನು ಮೇಲ್ಮುಖ ಮಾಡಿ ಸೀಟಿನ ಮೇಲೆ, ಹಿಮ್ಮಡಿ ಇರಬೇಕಾದ ಕಡೆ ಇಟ್ಟರು. ಎಡಕ್ಕೆ ಸ್ವಲ್ಪ ವಾಲಿದರು. ಬಲಕ್ಕೆ ಸ್ವಲ್ಪ ವಾಲಿದರು.

ಜನ ಸೇರತೊಡಗಿದರು. ಏಜೆಂಟ್ ಹುಡುಗ ಗಾಬರಿಯಿಂದ ನನ್ನ ಹತ್ತಿರ ಬಂದ.

"ಸಾರ್, ಇವರು ನಿಮ್ಮ ಕಡೆಯವರಾ? ಏನ್ ಮಾಡ್ತಿದಾರೆ ಅಲ್ಲಿ?"

"ನಮ್ಮ ಭಾವ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಅಕ್ಕನ ಕಾಲು ಹಿಡ್ಕೊಂಡಿದಾರೆ. ಹದಿನಾಲ್ಕು ತಿರುವು ಇದೆ, ಸ್ವಲ್ಪ ಹೊತ್ತು ಆಗುತ್ತೆ. ಬಾಗಿಲು ನಿಧಾನಕ್ಕೆ ಹಾಕಪ್ಪ, ತಾಗಬಾರದು."