ಪ್ರಶ್ನೆ ಕೇಳಿ ಸುಮ್ಮನಿರುವ ವಿದ್ಯೆ

ಕೆಲವರಿಗೆ ನಾಯಿಯ ಭಯ, ಕೆಲವರಿಗೆ ಸಿಡಿಲಿನ ಭಯ. ನನಗಿರುವುದು ಮೌನದ ಭಯ. ಇಬ್ಬರು ಮಾತಾಡುತ್ತ ಕುಳಿತಿರುವಾಗ ಮಾತು ನಡುವೆ ನಿಂತುಹೋಯಿತೆಂದರೆ ಅದು ನಿಂತದ್ದು ನನ್ನಿಂದಲೇ ಎಂದೂ, ಕೆಟ್ಟು ನಿಂತ ಬಸ್ಸನ್ನು ತಳ್ಳುವ ಹಾಗೆ ಅದನ್ನು ಪುನಃ ತಳ್ಳಬೇಕಾದವನು ನಾನೇ ಎಂದೂ ಅನಿಸತೊಡಗುತ್ತದೆ. ಹೆಣ್ಣು ನೋಡಲು ಹೋದ ದಿನ ಭಾವೀ ಮಾವನವರು ಚಾವಡಿಯಲ್ಲಿ ನನ್ನೆದುರು ಸುಮ್ಮನೆ ಕುಳಿತಿದ್ದರು. ಬಾಯಿ ತುಂಬ ಎಲೆಯಡಿಕೆ ಇರುವ ಮನುಷ್ಯ ಮಾತಾಡುವುದಿಲ್ಲ ಎಂಬ ಸರಳ ಸಂಗತಿ ನನಗೆ ಹೊಳೆಯಲಿಲ್ಲ. ಇವರಿಗೆ ನಾನು ಹಿಡಿಸಲಿಲ್ಲ ಎಂದು ಹೆದರಿ, ಮೇಲೆ ನೋಡಿ, ಕಣ್ಣಿಗೆ ಬಿದ್ದ ಹಂಚಿನ ವಿಷಯ ತೆಗೆದೆ. ಹಂಚಿನಿಂದ ರೀಪು, ರೀಪಿನಿಂದ ಗೆದ್ದಲು, ಗೆದ್ದಲಿನಿಂದ ಪುನಃ ಹಂಚು. ನಾವು ಹೊರಟ ಮೇಲೆ ಅವರು ಅಂಗಳಕ್ಕಿಳಿದು ಉಗುಳಿ, ಬಾಯಿ ತೊಳೆದು, ಕೇಳಿದ ಮೊದಲ ಮಾತು: "ಹುಡುಗ ಇರುವುದು ಬ್ಯಾಂಕಿನಲ್ಲಿಯೋ, ಹಂಚಿನ ಕಾರ್ಖಾನೆಯಲ್ಲಿಯೋ?" ನನ್ನ ಹೆಂಡತಿ ಸುಮತಿ ಇದನ್ನು ಈಗಲೂ ನೆಂಟರೆದುರು ಹೇಳುತ್ತಾಳೆ. ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಆ ಮೌನವನ್ನೂ ತುಂಬುವವನು ನಾನೇ.

ಇಂಥ ನನ್ನನ್ನು, ಎಂಬತ್ತರ ದಶಕದ ಆರಂಭದಲ್ಲಿ, ನಮ್ಮ ಬ್ಯಾಂಕು ಮೌನವಾಗಿರುವುದನ್ನು ಕಲಿಯಲು ಕಳುಹಿಸಿತು.

ಹಿನ್ನೆಲೆ ಹೇಳಬೇಕು. ನಮ್ಮ ಮಂಗಳೂರಿನಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿದರೆ ದೇವರಿಗೆ ಹರಕೆ ಸಲ್ಲಿಸುತ್ತಾರೆ. ಪ್ರಮೋಷನ್ ಸಿಗುವ ಲಕ್ಷಣ ಕಂಡರೆ ಅದು ತಪ್ಪಿಹೋಗಲಿ ಎಂದು ಹೊಸ ಹರಕೆ ಹೊರುತ್ತಾರೆ. ಏಕೆಂದರೆ ಗುಮಾಸ್ತನಿಗೆ ವರ್ಗವಿಲ್ಲ, ಆಫೀಸರನಿಗೆ ಉಂಟು. ಪ್ರಮೋಷನ್ ಎಂದರೆ ಘಟ್ಟ ಹತ್ತುವುದು. ಘಟ್ಟ ಹತ್ತುವುದೆಂದರೆ ಮೀನು ಸಿಗದ ಊರು. ಆದ್ದರಿಂದ "ನನಗೆ ಪ್ರಮೋಷನ್ ಬೇಡ" ಎಂದು ಬರೆದುಕೊಟ್ಟು ಕೌಂಟರಿನಲ್ಲೇ ಆರಾಮವಾಗಿ ಇದ್ದುಬಿಡುವ ಜಾಣರು ಪ್ರತಿ ಶಾಖೆಯಲ್ಲಿಯೂ ಇರುತ್ತಾರೆ. ನಾನು ಯೌವನದ ಹುರುಪಿನಲ್ಲಿ ಯೋಚಿಸದೆ ಆಫೀಸರ್ ಆದವನು. ಆಮೇಲೆ ಯೋಚಿಸಿ ಯೋಚಿಸಿ, ಅವರಿವರ ಕೈಕಾಲು ಹಿಡಿದು, ಹೇಗೋ ಹಂಪನಕಟ್ಟೆಯ ಶಾಖೆಯಲ್ಲೇ ಅಸಿಸ್ಟೆಂಟ್ ಮೇನೇಜರನಾಗಿ ಉಳಿದುಕೊಂಡಿದ್ದೆ.

ಒಂದು ದಿನ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರು ಬಂದರು. "ಮಿಸ್ಟರ್ ರೈ, ಗುಲ್ಬರ್ಗದಲ್ಲಿ ಹೊಸ ಶಾಖೆ ತೆರೆಯುತ್ತಿದ್ದೇವೆ. ನಿಮ್ಮ ಹೆಡ್ ಕ್ಲಾರ್ಕ್ ಕರ್ಕೇರ ಕೆಲಸದಲ್ಲಿ ಎಷ್ಟು ಚುರುಕು! ಅವರನ್ನು ಪ್ರಮೋಷನ್‌ಗೆ ಒಪ್ಪಿಸಿ, ಅಲ್ಲಿಗೆ ಕಳಿಸುವ. ಇಲ್ಲದಿದ್ದರೆ..." ಎಂದು ನಿಲ್ಲಿಸಿ ಚಾ ಕುಡಿಯತೊಡಗಿದರು.

ಬುದ್ಧಿಯಿದ್ದವನು ಅವರು ಚಾ ಕುಡಿದು ಮುಗಿಸುವವರೆಗೆ ಕಾಯುತ್ತಿದ್ದ. ನಾನು ಕಾಯಲಿಲ್ಲ. "ಇಲ್ಲದಿದ್ದರೆ ನಾನೇ ಹೋಗಬೇಕಾದೀತು, ಅಲ್ವಾ ಸಾರ್?" ಎಂದೆ.

ಸಾಹೇಬರು ಕಪ್ಪು ಕೆಳಗಿಟ್ಟು ನನ್ನನ್ನು ಮೆಚ್ಚುಗೆಯಿಂದ ನೋಡಿದರು. "ಅದು ನನಗೆ ಹೊಳೆದೇ ಇರಲಿಲ್ಲ. ಒಳ್ಳೆಯ ಐಡಿಯಾ," ಎಂದರು.

ಹೀಗೆ ಗುಲ್ಬರ್ಗಕ್ಕೆ ಒಂದೋ ಕರ್ಕೇರರು, ಇಲ್ಲವೇ ನಾನು ಎಂದು ನಿರ್ಣಯವಾಯಿತು. ನಿರ್ಣಯಿಸಿದವನು ನಾನೇ. ಮನೆಗೆ ಬಂದು ಹೇಳಿದಾಗ ಸುಮತಿ, "ನಿಮ್ಮ ಬಾಯಿಗೆ ಎಲೆಯಡಿಕೆಯಾದರೂ ಹಾಕಿ ಕಳಿಸಬೇಕಿತ್ತು," ಎಂದಳು. ಮಗಳು ಕಾಲೇಜಿಗೆ ಸೇರಿ ತಿಂಗಳಾಗಿತ್ತಷ್ಟೆ. ಬಾವಿಗೆ ಪಂಪು ಕೂಡಿಸಿ ವಾರವೂ ಆಗಿರಲಿಲ್ಲ.

ಸಾಹೇಬರು ಹೋಗುವಾಗ ಒಂದು ಉಪಕಾರ ಮಾಡಿದರು. ಬ್ಯಾಂಕಿನ ನಾಗಪುರದ ತರಬೇತಿ ಕಾಲೇಜಿನಿಂದ ಒಬ್ಬರು ಪ್ರೊಫೆಸರ್ ಬಂದು, ಕೈಕೆಳಗಿನವರಿಗೆ ದಾರಿ ತೋರಿಸುವ ಹೊಸ ವಿದ್ಯೆಯನ್ನು ಆಫೀಸರುಗಳಿಗೆ ಹೇಳಿಕೊಡುವವರಿದ್ದರು. ಅದಕ್ಕೆ ನನ್ನ ಹೆಸರನ್ನೂ ಸೇರಿಸಿದರು.

ಪ್ರೊಫೆಸರರು ಬೋರ್ಡಿನ ಮೇಲೆ ಒಂದು ಮಾವಿನ ಮರ ಬರೆದರು. ಬೇರು ಎಂದರೆ ಮನುಷ್ಯನ ಮೌಲ್ಯಗಳು, ಅವನಿಗೆ ನಿಜವಾಗಿ ಮುಖ್ಯವಾದದ್ದು. ಹಣ್ಣು ಎಂದರೆ ಅವನ ಗುರಿ. ಬೇರಿಗೂ ಹಣ್ಣಿಗೂ ಸಂಬಂಧವಿದ್ದರೆ ಮಾತ್ರ ಮರ ನಿಲ್ಲುತ್ತದೆ. ಹಾಗಾಗಿ ಯಾರಿಗೂ "ಇದು ಮಾಡು" ಎಂದು ಉಪದೇಶ ಮಾಡಬಾರದು. ನಿನಗೆ ಮುಖ್ಯವಾದದ್ದು ಏನು ಎಂದು ಕೇಳಬೇಕು. ಕೇಳಿ, ಸುಮ್ಮನಿರಬೇಕು. ಉತ್ತರ ಬರುವವರೆಗೂ ಸುಮ್ಮನಿರಬೇಕು. "ಮೌನವೇ ನಿಮ್ಮ ಆಯುಧ," ಎಂದು ಹೇಳಿ ಅವರು ನಮ್ಮನ್ನು ನೋಡುತ್ತ ಸುಮ್ಮನೆ ನಿಂತರು. "ಹೌದು ಸಾರ್, ಬಹಳ ಸರಿ, ಇವತ್ತು ಸೆಕೆಯೂ ಸ್ವಲ್ಪ ಹೆಚ್ಚೇ," ಎಂದು ಒಂದು ಧ್ವನಿ ಕೇಳಿತು. ಅದು ನನ್ನದೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

ಅವರು ಇನ್ನೊಂದು ಮಾತು ಹೇಳಿದರು: ದಾರಿ ತೋರಿಸುವವನಿಗೆ ಫಲಿತಾಂಶದಲ್ಲಿ ಸ್ವಂತ ಲಾಭ ಇರಕೂಡದು. ಆಗ ನಾನು ಕಿಟಕಿಯ ಹೊರಗೆ ನೋಡಿದೆ.

ಬಳಿಕ ಎಲ್ಲರೂ ತಮಗೆ ಮುಖ್ಯವಾದದ್ದನ್ನು ಒಂದು ಚೀಟಿಯಲ್ಲಿ ಬರೆಯಬೇಕಾಯಿತು. ಏನು ಬರೆದರೆ ಹೆಡ್ ಆಫೀಸಿಗೆ ಇಷ್ಟವಾದೀತು ಎಂಬ ಚಿಂತೆಯಲ್ಲಿ ನನ್ನ ಪೆನ್ನು ಓಡಲಿಲ್ಲ. ಪಕ್ಕದಲ್ಲಿ ತೊಕ್ಕೊಟ್ಟು ಶಾಖೆಯ ಶೆಣೈಯವರಿದ್ದರು. ಕತ್ತು ಸ್ವಲ್ಪ ಓರೆ ಮಾಡಿ ನೋಡಿದೆ. ಅವರು "ಪ್ರಾಮಾಣಿಕತೆ" ಎಂದು ಬರೆದು, ಅದರ ಕೆಳಗೆ "ನಿದ್ರೆ" ಎಂದು ಬರೆದಿದ್ದರು. ನಿದ್ರೆ ಆಫೀಸರುಗಳು ಬರೆಯುವಂಥದ್ದಲ್ಲವೆಂದು ಅದನ್ನು ಬಿಟ್ಟು, ಪ್ರಾಮಾಣಿಕತೆಯನ್ನು ಮಾತ್ರ ನಕಲು ಮಾಡಿ ಕೊಟ್ಟೆ.

ತರಬೇತಿ ಮುಗಿಯುವಾಗ ಪ್ರೊಫೆಸರರು, ಪ್ರತಿಯೊಬ್ಬರೂ ಒಬ್ಬ ಸಿಬ್ಬಂದಿಯ ಮೇಲೆ ಈ ವಿದ್ಯೆ ಪ್ರಯೋಗಿಸಿ ನಾಗಪುರಕ್ಕೆ ವರದಿ ಕಳುಹಿಸಬೇಕು ಎಂದರು. ಅಭ್ಯಾಸಕ್ಕೆಂದು ನಾನು ಮೊದಲು ಮನೆಯಲ್ಲಿ ಪ್ರಯೋಗಿಸಿದೆ. "ಸುಮತಿ, ಜೀವನದಲ್ಲಿ ನಿನಗೆ ಮುಖ್ಯ ಎಂತ?" ಎಂದು ಕೇಳಿ ತುಟಿ ಬಿಗಿದು ಕುಳಿತೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸದೆ, "ಬೂತಾಯಿ ತರ್ತೇನೆ ಅಂತ ಹೋದವರು ಬೂತಾಯಿಯೇ ತರುವುದು," ಎಂದಳು. ಆ ದಿನ ನಾನು ಬೂತಾಯಿ ಮೀನು ಮರೆತು ಬಸಳೆ ಸೊಪ್ಪು ತಂದಿದ್ದೆ. ವಿದ್ಯೆಗೆ ಶಕ್ತಿ ಇದೆ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಮರುದಿನ ಕೌಂಟರ್ ಮುಚ್ಚಿದ ಮೇಲೆ ಕರ್ಕೇರರನ್ನು ಒಳಗೆ ಕರೆದು, ಕೂರಿಸಿ, ಎದುರಿನ ಹೋಟೆಲಿನಿಂದ ಚಾ ತರಿಸಿದೆ. ಚಾ ನೋಡಿದ್ದೇ ಅವರ ಮುಖ ಸಣ್ಣದಾಯಿತು.

"ಎಂತ ಸಾರ್, ಚಾ ಎಲ್ಲ? ಕ್ಯಾಶ್ ಎಲ್ಲಿಯಾದ್ರೂ ಶಾರ್ಟ್ ಉಂಟಾ?"

"ಇಲ್ಲ ಮಾರಾಯ್ರೇ. ಸುಮ್ಮನೆ. ಕರ್ಕೇರರೇ, ಜೀವನದಲ್ಲಿ ನಿಮಗೆ ಮುಖ್ಯವಾದದ್ದು ಎಂತ?"

"ಸಾರ್, ನಾನು ಪಾಲಿಸಿ ಮಾಡಿ ಆಗಿದೆ. ಎರಡು ಉಂಟು. ಇನ್ನು ಆಗ್ಲಿಕ್ಕಿಲ್ಲ."

"ಇನ್ಶೂರೆನ್ಸ್ ಅಲ್ಲ!"

"ಮತ್ತೆ? ನನ್ನ ತಂಗಿಗೆ ಸಂಬಂಧ ಎಂತಾದ್ರೂ?"

ತಪ್ಪು ಅವರದಲ್ಲ. ನಮ್ಮ ಊರಿನಲ್ಲಿ ಮನುಷ್ಯನನ್ನು ಕೂರಿಸಿ ಜೀವನದ ಬಗ್ಗೆ ಕೇಳುವವರು ಇನ್ಶೂರೆನ್ಸ್ ಏಜೆಂಟರು ಮತ್ತು ಮದುವೆ ಮಾಡಿಸುವವರು, ಇಬ್ಬರೇ. ನಾನು ಮೂರನೆಯವನು ಎಂದು ವಿವರಿಸಿ, ಪ್ರಶ್ನೆಯನ್ನು ಪುನಃ ಕೇಳಿ, ಸುಮ್ಮನಾದೆ.

ಕರ್ಕೇರರೂ ಸುಮ್ಮನಾದರು. ಫ್ಯಾನು ಕಟಕಟ ಎನ್ನುತ್ತಿತ್ತು. ಹಂಚಿನ ವಿಷಯ ನನ್ನ ಗಂಟಲವರೆಗೂ ಬಂತು. ಪುಣ್ಯಕ್ಕೆ ನಮ್ಮದು ಕಾಂಕ್ರೀಟು ಕಟ್ಟಡ. ಅವರು ಮಾತ್ರ ನಿಶ್ಚಿಂತೆಯಿಂದ ಚಾ ಊದುತ್ತಿದ್ದರು. ಆಗ ನನಗೆ ಹೊಳೆಯಿತು: ಇವರ ಅಪ್ಪ, ಅಜ್ಜ ಬಲೆ ಬಿಟ್ಟು ಮೀನಿಗೆ ಕಾದವರು. ನನ್ನ ಹಿರಿಯರು ಚಾವಡಿಯಲ್ಲಿ ಕುಳಿತು ಗೇಣಿಗೆ ಕಾದವರು. ಗೇಣಿಗೆ ಕಾಯುವವರು ಬೊಬ್ಬೆ ಹಾಕುತ್ತಾರೆ. ಮೀನಿಗೆ ಕಾಯುವವರು ಹಾಕುವುದಿಲ್ಲ. ಈ ಪಂದ್ಯ ಸಮಬಲರದ್ದಲ್ಲ.

ನಾನು ಸೋಲುವುದರೊಳಗೆ ಅವರೇ ಬಾಯಿ ತೆರೆದರು. "ಹೇಳಿದರೆ ನಗಬಾರದು ಸಾರ್. ಐದು ಗಂಟೆಗೆ ಇಲ್ಲಿಂದ ಇಳಿದು ಬಂದರಿಗೆ ಹೋಗ್ತೇನೆ, ಹೊಳೆಯಾಚೆ ಬೆಂಗ್ರೆಯ ಮನೆಗೆ ದಾಟ್ಲಿಕ್ಕೆ. ದೋಣಿಗೆ ಕಾಲು ಇಟ್ಟ ಕೂಡಲೇ ದೋಣಿಯವ ಬೈತಾನೆ, 'ಓ, ಸರಿದು ಕೂತ್ಕೋ ಮಾರಾಯ, ಬುಟ್ಟಿಗೆ ಜಾಗ ಬೇಕು' ಅಂತ. ನಾನು ಮೀನಿನ ಬುಟ್ಟಿಗೆ ಜಾಗ ಬಿಟ್ಟು ಮೂಲೆಗೆ ಹೋಗ್ತೇನೆ. ಬೆಳಗ್ಗಿಂದ ಕೌಂಟರಿನಲ್ಲಿ ಎಲ್ಲರದ್ದೂ ಸಾರ್, ಸಾರ್. ಐದು ಗಂಟೆ ಮೇಲೆ ನನ್ನನ್ನು ಯಾರೂ ಸಾರ್ ಅನ್ನುವುದಿಲ್ಲ. ಅದು ನನಗೆ ಮುಖ್ಯ. ಆಫೀಸರ್ ಆದರೆ ದೋಣಿಯಲ್ಲೂ ಬುಟ್ಟಿ ಸರಿಸಿ ನನಗೆ ಜಾಗ ಕೊಡ್ತಾರೆ. ಮತ್ತೆ ಎಂತ ಉಂಟು ಸಾರ್?"

ಬೇರು ಸಿಕ್ಕಿತು. ಇನ್ನು ಇದಕ್ಕೆ ಗುಲ್ಬರ್ಗದ ಹಣ್ಣು ಕಟ್ಟಬೇಕು. ನಾನು ಅವಸರದಲ್ಲಿ ಎಲ್ಲ ಪಾಠ ಮರೆತು, "ಅದಕ್ಕೇ ಗುಲ್ಬರ್ಗ ಒಳ್ಳೆಯದು! ಅಲ್ಲಿ ನಿಮ್ಮನ್ನು ಯಾರಿಗೂ ಗೊತ್ತಿಲ್ಲ. ಸಂಜೆ ಪೇಟೆಯಲ್ಲಿ ತಿರುಗಿದರೆ ಯಾರೂ ಸಾರ್ ಅನ್ನಲಿಕ್ಕಿಲ್ಲ," ಎಂದೆ.

"ಮಾರಾಯ ಅಂತಾರಾ ಸಾರ್?"

ನಾನು ತರಬೇತಿಯ ನೋಟ್ ಬುಕ್ ತೆಗೆದು ಮಗುಚತೊಡಗಿದೆ.

"ಅದಿರಲಿ, ನಿಮಗೆ ಮುಖ್ಯ ಎಂತ ಸಾರ್?" ಎಂದು ಕೇಳಿದ ಕರ್ಕೇರರು, ಯಾವ ಕಾಲೇಜಿಗೂ ಹೋಗದೆಯೇ, ಸುಮ್ಮನೆ ನನ್ನ ಮುಖ ನೋಡುತ್ತ ಕುಳಿತರು.

"ಚಾ ಆರ್ತಾ ಉಂಟು, ಕುಡಿಯಿರಿ," ಎಂದೆ ನಾನು.

ವರದಿ ಬರೆಯಲು ಕುಳಿತಾಗ, "ಇನ್ನೂ ಸ್ವಲ್ಪ ಕಾಲಾವಕಾಶ ಕೊಟ್ಟರೆ ಕರ್ಕೇರರು ಒಪ್ಪಿಯಾರು" ಎಂದು ಬರೆದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ನನ್ನ ಚೀಟಿ ನಾಗಪುರದಲ್ಲಿತ್ತು. ನಕಲು ಮಾಡಿದ್ದಾದರೂ ಪ್ರಾಮಾಣಿಕತೆ ಪ್ರಾಮಾಣಿಕತೆಯೇ. ನಾಳೆ ಯಾರಾದರೂ ಎರಡನ್ನೂ ಹೋಲಿಸಿ ನೋಡಿದರೆ? ಈ ಭಯದಿಂದ ಇದ್ದದ್ದನ್ನು ಇದ್ದ ಹಾಗೆಯೇ ಬರೆದೆ: ಕರ್ಕೇರರು ತಮಗೆ ಮುಖ್ಯವಾದದ್ದನ್ನು ಬಹಳ ಸ್ಪಷ್ಟವಾಗಿ ತಿಳಿದಿದ್ದಾರೆ, ಅವರ ಗುರಿ ಅದಕ್ಕೆ ಸರಿಯಾಗಿ ಹೊಂದುತ್ತದೆ, ಆ ಗುರಿ ಎಂದರೆ ಇದ್ದಲ್ಲೇ ಇರುವುದು. ಕಳುಹಿಸಿದ ಮೇಲೆ ಸುಮತಿಗೆ ಟ್ರಂಕು ಹೊರತೆಗೆಯಲು ಹೇಳಿದೆ.

ಟ್ರಂಕು ಹೊರಗೆ ಬಂದ ವಾರವೇ ಸುದ್ದಿ ಬಂತು. ಗುಲ್ಬರ್ಗಕ್ಕೆ ತೊಕ್ಕೊಟ್ಟಿನ ಶೆಣೈಯವರು ತಾವಾಗಿಯೇ ಕೇಳಿ ಹೋಗುತ್ತಿದ್ದಾರೆ! ಅವರ ಮನೆ ಜಂಕ್ಷನ್ನಿನ ಬಾಯಿಯಲ್ಲಿಯೇ. ಸೇತುವೆ ದಾಟಿ ಬರುವ ಪ್ರತಿಯೊಂದು ಲಾರಿಯೂ ಅವರ ದಿಂಬಿನ ಹತ್ತಿರ ಬಂದು ಹಾರ್ನ್ ಹಾಕುತ್ತಿತ್ತಂತೆ. ಗುಲ್ಬರ್ಗದಲ್ಲಿ ಊರ ಹೊರಗೆ ಕ್ವಾರ್ಟರ್ಸ್ ಉಂಟೆಂದು ಕೇಳಿ ಅರ್ಜಿ ಹಾಕಿದರು. ಬೇರು ನಿದ್ರೆ, ಹಣ್ಣು ಗುಲ್ಬರ್ಗ. ಇಡೀ ತರಬೇತಿಯಲ್ಲಿ ವಿದ್ಯೆ ಕೈಗೂಡಿದ್ದು ಅವರೊಬ್ಬರಿಗೇ. ನಾನು ಎರಡನೆಯ ಸಾಲನ್ನೂ ನಕಲು ಮಾಡಬೇಕಿತ್ತೇನೋ ಎಂದು ಒಂದು ಕ್ಷಣ ಅನಿಸಿದರೂ, ಟ್ರಂಕನ್ನು ಸಂತೋಷದಿಂದ ಅಟ್ಟಕ್ಕೆ ಹತ್ತಿಸಿದೆ.

ಆಗ ಬಂತು ನಾಗಪುರದಿಂದ ಪ್ರೊಫೆಸರರ ಟ್ರಂಕ್ ಕಾಲ್.

"ಮಿಸ್ಟರ್ ರೈ, ಬಂದ ವರದಿಗಳಲ್ಲೆಲ್ಲ ಎದುರಿನವರು ಒಪ್ಪಿದರು, ಒಪ್ಪಿದರು ಎಂದೇ ಇದೆ. ಅಂದರೆ ಎಲ್ಲರೂ ಉಪದೇಶ ಮಾಡಿದ್ದಾರೆ. ಇನ್ನೊಬ್ಬನ 'ಇಲ್ಲ'ವನ್ನು ಸುಮ್ಮನೆ ಕೂತು ಕೇಳಿಸಿಕೊಂಡವರು ನೀವೊಬ್ಬರೇ! ಈ ಮೌನ ಎಲ್ಲರಿಗೂ ಬರುವುದಿಲ್ಲ. ನೀವು ನಮ್ಮ ಕಾಲೇಜಿಗೆ ಕಲಿಸಲು ಬರಬೇಕು. ಬಲವಂತವಿಲ್ಲ. ನಿಮಗೆ ಮುಖ್ಯವಾದದ್ದು ಏನು, ಯೋಚಿಸಿ ಹೇಳಿ." ಇಷ್ಟು ಹೇಳಿ ಅವರು, ತಮ್ಮ ವಿದ್ಯೆಗೆ ಸರಿಯಾಗಿ, ಸುಮ್ಮನಾದರು.

ಫೋನಿನ ಒಳಗಿಂದ ಸಮುದ್ರದಂಥ ಸದ್ದು ಬರುತ್ತಿತ್ತು. ಬಾವಿಯ ಪಂಪು, ಮಗಳ ಕಾಲೇಜು, ಬೂತಾಯಿ, ಎಲ್ಲವೂ ನಾಲಗೆಯ ತುದಿಗೆ ಬಂದವು. ಯಾವುದನ್ನು ಮೊದಲು ಹೇಳುವುದು ಎಂದು ನೋಡುತ್ತಿರುವಾಗ ಮೌನ ಇನ್ನಷ್ಟು ಬೆಳೆಯಿತು. ಪಾಪ, ನಾಗಪುರದಲ್ಲಿ ಒಬ್ಬರು ಕಾಯುತ್ತಿದ್ದಾರೆ ಎನಿಸಿತು.

"ಆಗಬಹುದು ಸಾರ್," ಎಂದೆ.

ಮನೆಯಲ್ಲಿ ಸುಮತಿ ಬೈಯಲಿಲ್ಲ. ಟ್ರಂಕನ್ನು ಪುನಃ ಇಳಿಸಿ, ಅದರ ಮೇಲೆಯೇ ಕುಳಿತು, "ಟ್ರಂಕ್ ಕಾಲಲ್ವಾ ಅದು? ಮೂರು ನಿಮಿಷ ಬಾಯಿ ಮುಚ್ಚಿ ನಿಂತಿದ್ದರೆ ಲೈನು ತಾನಾಗಿಯೇ ಕಟ್ ಆಗ್ತಿತ್ತು," ಎಂದಳು. ನಾನು ಈವರೆಗೆ ಕಂಡ ಪ್ರೊಫೆಸರುಗಳಲ್ಲಿ ಯಾರಿಗೂ ಇದು ಹೊಳೆಯುತ್ತಿರಲಿಲ್ಲ. ಮಗಳ ಪರೀಕ್ಷೆ ಮುಗಿಯುವವರೆಗೆ ಅವರಿಬ್ಬರು ಇಲ್ಲಿ, ನಾನೊಬ್ಬನೇ ಅಲ್ಲಿ ಎಂದು ತೀರ್ಮಾನವಾಯಿತು. ಈ ಸಲ ತೀರ್ಮಾನಿಸಿದವಳು ಅವಳು.

ಹೊರಡುವ ಸಂಜೆ ನಂತೂರಿನಲ್ಲಿ, ಬೊಂಬಾಯಿಯ ಮೇಲಿಂದ ನಾಗಪುರಕ್ಕೆ ಹೋಗಲು, ಬೊಂಬಾಯಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆ ಅಂಚಿನಲ್ಲಿ ಹೋಲ್ಡಾಲು ಸರಿಪಡಿಸುತ್ತಿರುವಾಗ ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಎಳೆದರು.

"ಓ, ಸರಿದು ನಿಲ್ಲಿ ಮಾರಾಯ್ರೇ, ಲಾರಿ ಬರ್ತಾ ಉಂಟು!"

ತಿರುಗಿ ನೋಡಿದರೆ ಕರ್ಕೇರರು. ಕೈಯಲ್ಲಿ ಒಣಮೀನಿನ ಕಟ್ಟು. ನನ್ನನ್ನು ಕಳಿಸಿಕೊಡಲೆಂದು ಅಂದಿನ ದೋಣಿ ತಪ್ಪಿಸಿ ಬಂದಿದ್ದರು. "ಅಲ್ಲಿ ಸಿಗ್ಲಿಕ್ಕಿಲ್ಲ, ಇಟ್ಕೊಳ್ಳಿ ಮಾರಾಯ್ರೇ," ಎಂದು ಕಟ್ಟನ್ನು ನನ್ನ ಕೈಗೆ ತುರುಕಿದರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಗಡಿಯಾರ ನೋಡಿಕೊಂಡೆ. ಐದು ಗಂಟೆ ದಾಟಿತ್ತು.

ನನಗೆ ಮುಖ್ಯ ಎಂತ ಎಂದು ಅವರು ಆ ದಿನ ಕೇಳಿದ್ದ ಪ್ರಶ್ನೆಗೆ ಈಗ ಒಂದು ಉತ್ತರ ಬಾಯಿಗೆ ಬರುವ ಹಾಗಿತ್ತು. ಅಷ್ಟರಲ್ಲಿ ಬಸ್ಸು ಬಂದು ನಿಂತಿತು; ಕಂಡಕ್ಟರು ಬಾಗಿಲಿನಿಂದ ಬಗ್ಗಿ, "ಸಾರ್, ಬೇಗ ಹತ್ತಿ ಸಾರ್, ನಿಮ್ಮದು ಮುಂದಿನ ಸೀಟು," ಎಂದ.

ಪಕ್ಕದ ಸೀಟಿನಲ್ಲಿ ಒಬ್ಬರು ಹಿರಿಯರು ಕುಳಿತಿದ್ದರು. ನಾನು ನಮಸ್ಕಾರ ಮಾಡಿದೆ. ಅವರು ತಲೆಯಾಡಿಸಿ ಸುಮ್ಮನಾದರು. ಕೆನ್ನೆ ಉಬ್ಬಿತ್ತು, ಬಾಯಿ ತುಂಬ ಎಲೆಯಡಿಕೆ. ಅದು ನನಗೆ ಈ ಸಲ ಸ್ಪಷ್ಟವಾಗಿ ಕಂಡಿತು. ನಾಗಪುರಕ್ಕೆ ಹೋಗಿ ಮೌನದ ಪಾಠ ಮಾಡಬೇಕಾದವನು ನಾನು. ಇಲ್ಲಿಂದಲೇ ಶುರು ಮಾಡುವ ಎಂದು ಕೈ ಕಟ್ಟಿ, ತುಟಿ ಬಿಗಿದು ಕುಳಿತೆ. ಕಿಟಕಿಯ ಹೊರಗೆ ಮನೆಗಳ ಕೆಂಪು ಮಾಡುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಕೂಳೂರು ಸೇತುವೆಯವರೆಗೂ ತಡೆದುಕೊಂಡೆ.

"ಈಗಿನ ಹಂಚಿಗೆ ಮೊದಲಿನ ಗಟ್ಟಿ ಇಲ್ಲ, ಅಲ್ವಾ?" ಎಂದೆ.